ಅಪ್ಪನ ಮಡು

ಬಲೆಯ ಬೆಂಡುಗಳು ಮತ್ತೆ ಮುಳುಗಿದವು. ಮ್ಯೂರಿಯಲ್ ಹಿಮ್ಮಡಿಯನ್ನು ಬಂಡೆಯ ಸಂದಿಗೆ ಒತ್ತಿ ಹಗ್ಗ ಎಳೆಯತೊಡಗಿದಳು. ಸ್ಕೀನಾ ನದಿ ಈ ಕಮರಿಯಲ್ಲಿ ಬುಸುಗುಡುತ್ತ ಇಳಿಯುತ್ತದೆ. ಆದರೆ ಅವಳ ಅಪ್ಪ ಎಲ್ವುಡ್‌ನ ಬಂಡೆಯ ಮರೆಯಲ್ಲಿ ನೀರು ತಿರುಗಿ ನಿಂತು ಮಡುವಾಗುತ್ತದೆ, ಸಮುದ್ರದಿಂದ ಹತ್ತಿ ಬಂದ ಸಾಲ್ಮನ್ ಅಲ್ಲಿ ದಣಿವಾರಿಸಿಕೊಳ್ಳುತ್ತದೆ. ಇನ್ನೂ ಕತ್ತಲಿದ್ದಾಗಿನಿಂದ ಬಲೆ ಖಾಲಿ ಬಂದದ್ದೇ ಇಲ್ಲ. ಅವಳ ಹಿಂದೆ ಪ್ಲಾಸ್ಟಿಕ್ ತೊಟ್ಟಿಗಳು ತುಂಬಿದ್ದವು. ಆಸ್ಪತ್ರೆಯಲ್ಲಿ ಮಲಗಿದ್ದ ಅಪ್ಪ ಎಲ್ವುಡ್ ಕೇಳಿದ್ದು ಬರೀ ಮೀನಿನ ತಲೆಯ ಸೂಪು. ಒಂದು ಮೀನು ಹಿಡಿದು ಹೊರಟುಬಿಡಬೇಕಿತ್ತು. ಆದರೆ ಮೀನು ಹೀಗೆ ಮೇಲೆ ಬಿದ್ದು ಬರುವಾಗ ಬಲೆ ಬಿಟ್ಟು ಹೋಗುವ ಮನಸ್ಸು ನಮ್ಮೂರಲ್ಲಿ ಯಾರಿಗಿದೆ?

ಡೆಲ್ಬರ್ಟ್ ಕಾಲುದಾರಿಯಲ್ಲಿ ಇಳಿದು ಬರುತ್ತಿದ್ದ. ಅತ್ತೆ ಹಿಲ್ಡಾಳ ಮಗ, ಎಲ್ವುಡ್‌ನ ಸೋದರಳಿಯ. ಮಂಡಿನೋವಿನ ಮನುಷ್ಯ, ಸುಮ್ಮಸುಮ್ಮನೆ ಈ ಇಳಿಜಾರು ಇಳಿಯುವವನಲ್ಲ. ಬಂಡೆಯ ಬುಡಕ್ಕೆ ಬಂದು ಟೋಪಿ ತೆಗೆದ. ಮ್ಯೂರಿಯಲ್‌ಗೆ ಅಷ್ಟೇ ಸಾಕಾಯಿತು. ಹಗ್ಗ ಮಾತ್ರ ಬಿಡಲಿಲ್ಲ.

"ಯಾವಾಗ?"

"ಬೆಳಕು ಹರೀತಿದ್ದ ಹಾಗೆ. ನಾನು ಪಕ್ಕದಲ್ಲೇ ಇದ್ದೆ. ಫೋನ್ ಮಾಡಿ ಮಾಡಿ ಸಾಕಾಯ್ತು, ಈ ಹೊಂಡದಲ್ಲಿ ಎಲ್ಲಿ ಸಿಗುತ್ತೆ ನಿಂದು."

"ಏನಾದ್ರೂ ಹೇಳಿದ್ರಾ?"

ಡೆಲ್ಬರ್ಟ್ ನೀರಿನ ಕಡೆ ನೋಡಿದ. "ಸೂಪು ಬಂತಾ ಅಂತ ಕೇಳಿದ್ರು."

ಮ್ಯೂರಿಯಲ್ ಬಂಡೆಯ ಮೇಲೆ ಕುಕ್ಕರಿಸಿದಳು. ಅಳು ಬಂತು, ಜೊತೆಗೇ ಸಿಟ್ಟೂ ಬಂತು. ಇಷ್ಟು ತಿಂಗಳು ಮಂಚದ ಪಕ್ಕ ಕೂತವಳು ತಾನು; ಕೊನೆಯ ಉಸಿರು ಮಾತ್ರ ಇವನ ಪಾಲಿಗೆ. ಕಣ್ಣು ಒರೆಸಿಕೊಂಡು ನೋಡಿದರೆ ಡೆಲ್ಬರ್ಟ್‌ನ ನೋಟ ತೊಟ್ಟಿಗಳ ಮೇಲಿತ್ತು.

"ಏನ್ ನೋಡ್ತಿದ್ದೀಯಾ?"

"ಏನಿಲ್ಲ."

"ಏನಿಲ್ಲ ಅಂದ್ರೆ? ನೆಟ್ಟಗೆ ಹೇಳೋ."

"ನಾನು ಏನೂ ಹೇಳ್ಲಿಲ್ಲ ಕಣೇ. ಬಲೆ ತೆಗಿ, ಮನೆಗೆ ಹೋಗೋಣ. ಅಮ್ಮ ಕಾಯ್ತಿದ್ದಾಳೆ."

ಹೇಳಬೇಕಾಗಿಯೂ ಇರಲಿಲ್ಲ. ನಮ್ಮಲ್ಲಿ ಮೊಲೆ ಕುಡಿಯುವ ಕೂಸಿಗೂ ಗೊತ್ತಿರುವ ಮಾತು. ಮಕ್ಕಳು ತಾಯಿಯ ಬಳಿಗೆ, ಎಂದರೆ ತಾಯಿಯ ಕುಲಕ್ಕೆ, ಸೇರಿದವರು. ಎಲ್ವುಡ್ ಕಪ್ಪೆ ಬಳಿ, ಮ್ಯೂರಿಯಲ್ ತನ್ನ ತಾಯಿಯಂತೆ ತೋಳದ ಬಳಿ. ಅಪ್ಪನ ಮಡುವಿನಲ್ಲಿ ಮಕ್ಕಳು ಬಲೆ ಬಿಡಬಹುದು, ಅಪ್ಪನಿಗೆ ಉಸಿರಿರುವ ತನಕ. ಉಸಿರು ನಿಂತ ಗಳಿಗೆಯಿಂದ ಮಡು ಅವನ ಅಕ್ಕತಂಗಿಯರ ಮಕ್ಕಳದ್ದು. ಬೆಳಕು ಹರಿದ ಮೇಲೆ ಮ್ಯೂರಿಯಲ್ ಹಿಡಿದದ್ದು ಡೆಲ್ಬರ್ಟ್‌ನ ಮಡುವಿನ ಮೀನು.

ಎಲ್ವುಡ್ ಬದುಕಿದ್ದಾಗ ನೂರು ಸಲ ಹೇಳಿದ್ದ: "ಡೆಲ್ಬರ್ಟ್ ಹತ್ರ ಮಾತಾಡ್ತೀನಿ ಮಗಳೇ, ನೀನು ಇರೋ ತನಕ ಮಡು ನಿಂಗೇ ಬಿಡು ಅಂತ." ಹೇಳಿದ್ದೇ ಬಂತು. ನಾಳೆ ನಾಳೆ ಎಂದು ತಳ್ಳಿ, ಈಗ ತಾನೇ ಹೊರಟುಹೋಗಿದ್ದ.

ಇಬ್ಬರೂ ಸೇರಿ ಬಲೆ ಎಳೆದರು. ಅದರಲ್ಲೂ ಮೀನಿತ್ತು. ಡೆಲ್ಬರ್ಟ್ ಒಂದೊಂದನ್ನೇ ಬಿಡಿಸಿ ತೊಟ್ಟಿಗೆ ಹಾಕಿದ, ಯಾವ ತೊಟ್ಟಿ ಎಂದು ಯೋಚಿಸದೆ. ಮ್ಯೂರಿಯಲ್ ಯೋಚಿಸಿದಳು.

ಮೀನು ಸಾವಿಗೆ ಕಾಯುವುದಿಲ್ಲ. ಅದೇ ಮಧ್ಯಾಹ್ನ ಅವಳು ಕಣ್ಣೀರು ಸುರಿಸುತ್ತಲೇ ಎಲ್ಲವನ್ನೂ ಸೀಳಿ ಹೊಗೆಮನೆಯ ಗಳುಗಳಿಗೆ ನೇತುಹಾಕಿ, ಕೆಳಗೆ ಹಸಿ ಕಟ್ಟಿಗೆಯ ಹೊಗೆ ಹಾಕಿದಳು. ಅಪ್ಪ ಕಲಿಸಿದ ಸೀಳು ಅದು: ಬೆನ್ನಿನ ಕಡೆಯಿಂದ ಬಿಡಿಸಿ, ಬಾಲದ ಹತ್ತಿರ ಒಂದು ಓರೆಗೆರೆ. ಊರಲ್ಲಿ ಬೇರೆ ಯಾರೂ ಹಾಗೆ ಸೀಳುವುದಿಲ್ಲ. ಇದರಲ್ಲಿ ಯಾವುದು ಅಪ್ಪ ಇದ್ದಾಗ ಬಂದದ್ದು, ಯಾವುದು ಆಮೇಲಿನದು? ದೇವರೇ ಬಂದರೂ ಬೇರ್ಪಡಿಸಲಾರ. ಹೊಗೆ ಹಿಡಿದ ಮೇಲೆ ಒಂದೂ ಬಿಡದೆ ಪೆಟ್ಟಿಗೆಗಳಿಗೆ ತುಂಬಿ ಹಿಲ್ಡತ್ತೆಯ ಅಡುಗೆಮನೆಗೆ ಹೊತ್ತು ತಂದಳು.

"ಇದೇನೇ ಇದು?" ಎಂದಳು ಹಿಲ್ಡಾ, ಹಿಟ್ಟಿನ ಕೈಯಲ್ಲೇ. ನಾಳಿನ ಔತಣಕ್ಕೆ ಎಣ್ಣೆಯಲ್ಲಿ ಕರಿಯುವ ರೊಟ್ಟಿಗೆ ನಾದುತ್ತಿದ್ದಳು. ತಮ್ಮನನ್ನು ಮಣ್ಣು ಮಾಡಿ ಬಂದ ಮುಖ ಇನ್ನೂ ಊದಿಕೊಂಡಿತ್ತು.

"ನಿಮ್ಮ ಮನೆಯ ಮೀನು ಅತ್ತೆ. ನಿಮ್ಮ ಮಗ ಅವತ್ತು ಹೇಗೆ ನೋಡಿದ ಅಂತ ನೀವು ನೋಡ್ಬೇಕಿತ್ತು."

"ಅವನು ಮಂಡಿ ನೋವಿಗೂ ಹಾಗೇ ನೋಡ್ತಾನೆ, ಬಿಸಿಲಿಗೂ ಹಾಗೇ ನೋಡ್ತಾನೆ. ಹುಟ್ಟಿದಾಗ್ಲೇ ಆ ಮುಖ." ಹಿಲ್ಡಾ ಹಿಟ್ಟನ್ನು ಮಗುಚಿ ಗುದ್ದಿದಳು. "ನಾವು ಹೇಳಿದಾಗ ಅವನನ್ನ ಕಟ್ಕೊಂಡಿದ್ರೆ ಈ ಗೋಳೇ ಇರ್ತಿರಲಿಲ್ಲ. ಅತ್ತೆಮಗ ಬೇಡ ಅಂತ ಮೂಗು ಮುರಿದೆ."

"ಅವನ ಗೊರಕೆ ಆಚೆ ದಡಕ್ಕೂ ಕೇಳುತ್ತೆ ಅತ್ತೆ."

ಹಿಲ್ಡಾ ನಕ್ಕಳು, ನಗುತ್ತಲೇ ಅತ್ತಳು. ಆಮೇಲೆ ಹಿಟ್ಟಿನ ಬೆರಳನ್ನೇ ಎತ್ತಿ ಹೇಳಿದಳು: "ಕೇಳಿಲ್ಲಿ. ನಾಳೆ ಚಾವಡೀಲಿ ಅವನಿಗೆ ನಿಮ್ಮಪ್ಪನ ಹಿರೀತನದ ಹೆಸರು ಕೊಡ್ತೀವಿ. ಮಡುವಿನ ಮಾತು ಬಂದಾಗ ಎದ್ದು ನಿಂತು ಕೇಳು. ಎಲ್ಲರ ಎದುರು, ಬಾಯಿ ಬಿಟ್ಟು ಕೇಳು. 'ನಾನು ಇರೋ ತನಕ' ಅಂತ. ಕೇಳಿದ್ರೆ ಕೊಡ್ಬಹುದು, ಕೊಟ್ಟವರು ಇದ್ದಾರೆ. ಕೇಳದೆ ಇದ್ರೆ ಕೊಡೋಕೆ ದಾರಿ ಇಲ್ಲ."

"ಇಲ್ಲ ಅಂದ್ರೆ?"

"ಅನ್ನಲ್ಲ. ನೀನು ಕೇಳೋದು ಕಲಿ. ಹೇಳೋದು ನಿಂಗೆ ಮೊದಲಿಂದ್ಲೂ ಬರುತ್ತೆ."

ಆ ಮಾತು ಚುಚ್ಚಿತು. ಚುಚ್ಚಲೆಂದೇ ಆಡಿದ್ದು. ಕೆಲವು ವರ್ಷಗಳ ಹಿಂದೆ ಮ್ಯೂರಿಯಲ್‌ಳ ಸೋದರಮಾವ ತೀರಿಕೊಂಡಾಗ ಅವನ ಮಗಳು ಶಾರ್ಲೀನ್ ಅಪ್ಪ ಮೀನು ಹಿಡಿಯುತ್ತಿದ್ದ ತೋಳದ ಮನೆಯ ಬಂಡೆಯಲ್ಲಿ ಬಲೆ ಬಿಟ್ಟಿದ್ದಳು. ಬಸುರಿ ಹೆಂಗಸು, ಗಂಡನಿಗೆ ಮರದ ಮಿಲ್ಲಿನ ಕೆಲಸ ಹೋಗಿತ್ತು. ಚಳಿಗಾಲಕ್ಕೆ ನಾಲ್ಕು ಮೀನು ಕೂಡಿಡೋಣವೆಂದು ಬಂದಿದ್ದಳು, ಅಷ್ಟೇ. ಬಂಡೆ ತನ್ನ ಮನೆಯದಲ್ಲವೇ ಎಂದು ಮ್ಯೂರಿಯಲ್ ತಾನೇ ಹೋಗಿ ಅವಳ ಬಲೆ ಎಳೆದು ಮರಳಿನ ಮೇಲೆ ಎಸೆದಳು. "ಅಳೋದು ಬೇರೆ, ಕಟ್ಟಳೆ ಬೇರೆ" ಎಂದಿದ್ದಳು. ಚಾವಡಿಯಲ್ಲೂ ಎದ್ದು ನಿಂತು ಅದನ್ನೇ ಹೇಳಿದ್ದಳು. ಹಿರಿಯರು ತಲೆದೂಗಿದ್ದರು. ಭಲೇ ಎನಿಸಿಕೊಂಡ ದಿನ ಅದು.

ಮರುದಿನ ಚಾವಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಪ್ಪೆ ಬಳಿಯವರು ಮನೆಯವರಾದ್ದರಿಂದ ನಿಂತೇ ಇದ್ದರು, ಬಡಿಸುತ್ತ, ಓಡಾಡುತ್ತ. ಒಂದು ಗೋಡೆಯುದ್ದಕ್ಕೆ ತೋಳದವರು ತಮ್ಮ ತಮ್ಮ ಸ್ಥಾನದಲ್ಲಿ, ಎದುರು ಗೋಡೆಗೆ ಇನ್ನೊಂದು ಬಳಿಯವರು. ಮ್ಯೂರಿಯಲ್ ಅತಿಥಿಯಾಗಿ ಕೂತಿದ್ದಳು, ತನ್ನ ಅಪ್ಪನ ಔತಣದಲ್ಲಿ. ಹುಟ್ಟಿದಾಗಿನಿಂದ ಗೊತ್ತಿದ್ದದ್ದೇ, ಆದರೂ ಈವತ್ತು ಕುರ್ಚಿ ಮುಳ್ಳಾಗಿತ್ತು.

ಡೆಲ್ಬರ್ಟ್‌ಗೆ ಮಾವನ ಕಂಬಳಿ ಹೊದಿಸಿದರು. ಗುಂಡಿಗಳಿಂದ ಕಪ್ಪೆಯ ಚಿತ್ರ ಹೊಲಿದ ಕಂಬಳಿ. ಹಿರಿಯನೊಬ್ಬ ಹೆಸರು ಕೂಗಿದ. ಎರಡೂ ಗೋಡೆಯವರು ಅದನ್ನೇ ತಿರುಗಿ ಕೂಗಿದರು. ಅಪ್ಪನನ್ನು ಕರೆದ ಹಾಗೇ ಆಯಿತು. ಮ್ಯೂರಿಯಲ್ ಉಗುರನ್ನು ಅಂಗೈಗೆ ಒತ್ತಿಕೊಂಡಳು.

ಡೆಲ್ಬರ್ಟ್ ಕಾಡು, ಗುಡ್ಡ, ಹಳ್ಳ ಎಲ್ಲದರ ಎಲ್ಲೆ ಹೇಳಿ ಮುಗಿಸಿ ಕೊನೆಗೆ ಮಡುವಿಗೆ ಬಂದ. "ಮಾವನ ಮಡು ಈವತ್ತು ಮನೆಗೆ ವಾಪಸ್ ಬಂದಿದೆ," ಎಂದ. "ಅದರ ಬಗ್ಗೆ ಯಾರಿಗಾದ್ರೂ ಏನಾದ್ರೂ ಹೇಳೋದು, ಕೇಳೋದು ಇದ್ರೆ, ನಾನು ಕಾಯ್ತೀನಿ."

ಕಾದ. ಬೇರೆ ಯಾವುದಕ್ಕೂ ಅಷ್ಟು ಹೊತ್ತು ಕಾದಿರಲಿಲ್ಲ. ನೋಟ ಅವಳ ಮೇಲೇ ಇತ್ತು.

ಮ್ಯೂರಿಯಲ್ ಎದ್ದಳು. ಮಾತು ನಾಲಿಗೆಯ ತುದಿಯಲ್ಲಿತ್ತು: ನಾನು ಇರೋ ತನಕ. ಅಷ್ಟೇ ಸಾಕು. ಬಾಯಿ ತೆರೆದಾಗ ಎದುರು ಗೋಡೆಯಲ್ಲಿ ಶಾರ್ಲೀನ್ ಕಂಡಳು. ಪಕ್ಕದಲ್ಲಿ ಅವಳ ಮಗಳು, ಅಂದು ಹೊಟ್ಟೆಯಲ್ಲಿದ್ದವಳು. ಶಾರ್ಲೀನ್ ಚಮಚವನ್ನು ಬಟ್ಟಲಿನಲ್ಲಿ ಬಿಟ್ಟು, ಎರಡೂ ಕೈ ಮೇಜಿನ ಮೇಲಿಟ್ಟು ನೋಡುತ್ತಿದ್ದಳು. ಕೇಳಲಿ ಎಂದೋ ಕೇಳದಿರಲಿ ಎಂದೋ ತಿಳಿಯುವಂತಿರಲಿಲ್ಲ. ಅವಳ ಎದುರು ಬೇಡುವುದೇ? ಛೇ.

"ಕಪ್ಪೆ ಮನೆಯವರಿಗೆ ನನ್ನ ನಮಸ್ಕಾರ," ಎಂದಳು ಮ್ಯೂರಿಯಲ್. "ಅಪ್ಪ ಇರೋ ತನಕ ನಿಮ್ಮ ಮಡುವಿನ ಮೀನು ತಿಂದು ಬೆಳೆದೆ. ನನ್ನ ಮಕ್ಕಳನ್ನ ಬೆಳೆಸ್ದೆ. ಈವತ್ತಿಗೆ ಮುಗೀತು. ನನ್ನ ಬಲೆ ಮೇಲಕ್ಕೆ ಬಂದಿದೆ. ಎಲ್ಲರೂ ಸಾಕ್ಷಿ."

ಡೆಲ್ಬರ್ಟ್ ಏನೋ ಹೇಳಲು ಬಾಯಿ ತೆರೆದ. ಆದರೆ ಚಾವಡಿಯಲ್ಲಿ ಆಡಿದ ಮಾತು ಕಲ್ಲಿನ ಮೇಲೆ ಬರೆದ ಹಾಗೆ; ಅಷ್ಟರಲ್ಲಿ ಎರಡೂ ಗೋಡೆಯವರು ಹೌದು ಹೌದು ಎಂದಾಗಿತ್ತು. ತೋಳದ ಹಿರಿಯರು ಮತ್ತೆ ತಲೆದೂಗಿದರು.

"ಸರಿ," ಎಂದ ಡೆಲ್ಬರ್ಟ್.

ಅವಳು ಕೂತಳು. ಹಿಲ್ಡಾ ಚಹಾದ ಕೆಟಲು ಹಿಡಿದು ಸಾಲಿನಲ್ಲಿ ಬಂದು, ಅವಳ ಕಪ್ಪಿಗೆ ಸುರಿಯುತ್ತ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಹಾಳಾದವಳೇ. ಹ್ಞೂಂ ಅನ್ನೋಕೇ ನಿಂತಿದ್ದ ಅವನು. ಬೆಳಿಗ್ಗೆ ನಂಗೆ ಹೇಳಿದ್ದ, 'ಈ ಮಂಡಿ ಇಟ್ಕೊಂಡು ನಾನೆಲ್ಲಿ ಇಳೀಲಿ ಅಮ್ಮ, ಅವಳೊಂದು ಸಲ ಕೇಳ್ಲಿ ಸಾಕು' ಅಂತ."

"ಮೊದ್ಲೇ ಹೇಳೋಕೇನಾಗಿತ್ತು ನಿಮ್ಗೆ?"

"ಕೇಳು ಅಂತ ಇನ್ನೆಷ್ಟು ಹೇಳ್ಬೇಕಿತ್ತು?"

ಕಪ್ಪು ತುಂಬಿ ತಟ್ಟೆಗೆ ಚೆಲ್ಲಿತು. ಹಿಲ್ಡಾ ಒರೆಸದೆ ಮುಂದೆ ಹೋದಳು.

ಮ್ಯೂರಿಯಲ್‌ಗೆ ಎದ್ದು ಓಡಿಹೋಗಬೇಕೆನಿಸಿತು. ಆದರೆ ಅತಿಥಿಗಳು ಔತಣದ ನಡುವೆ ಏಳುವಂತಿಲ್ಲ. ಕಪ್ಪೆ ಮನೆಯವರು ಮೀನಿನ ಪೆಟ್ಟಿಗೆ ಹೊತ್ತು ಹಂಚುತ್ತ ಬಂದರು. ತೋಳದ ಸಾಲಿಗೆ ಡೆಲ್ಬರ್ಟ್ ತಾನೇ ಬಂದ, ಕಂಬಳಿ ಹೊದ್ದೇ, ಮಂಡಿ ಎಳೆಯುತ್ತ. ಅವಳ ಮುಂದೆ ನಿಂತು ಪೆಟ್ಟಿಗೆಯಲ್ಲಿ ಕೈಯಾಡಿಸಿ, ಎಲ್ಲಕ್ಕಿಂತ ದೊಡ್ಡದನ್ನು ಹುಡುಕಿ ತೆಗೆದು ಅವಳ ತಟ್ಟೆಗಿಟ್ಟ.

"ತಗೋ," ಎಂದ. "ನಮ್ಮ ಮನೇದು."

ಇಡೀ ಮೀನು. ಬೆನ್ನಿನ ಕಡೆಯಿಂದ ಬಿಡಿಸಿದ್ದು, ಬಾಲದ ಹತ್ತಿರ ಒಂದು ಓರೆಗೆರೆ. ಅತಿಥಿಯಾದವಳು ಕೊಟ್ಟದ್ದನ್ನು ಬೇಡವೆನ್ನಬಾರದು. ಮ್ಯೂರಿಯಲ್ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು.

ಎದುರು ಗೋಡೆಯಿಂದ ಶಾರ್ಲೀನ್ ಕೂಗಿ ಕೇಳಿದಳು. ಅವಳ ಕೈಯಲ್ಲೂ ಅದೇ ಮೀನು, ಅವಳ ಮಗಳ ಕೈಯಲ್ಲೂ. "ಚೆನ್ನಾಗಿ ಹೊಗೆ ಹಿಡಿದಿದೆ ಅಲ್ವಾ ಅತ್ತಿಗೆ? ಯಾರು ಮಾಡಿದ್ದೋ?"

ಮ್ಯೂರಿಯಲ್ ಅಗಿಯುವುದನ್ನು ನಿಲ್ಲಿಸಲಿಲ್ಲ. "ಉಪ್ಪು ಸ್ವಲ್ಪ ಕಮ್ಮಿ," ಎಂದಳು, ಬಾಯಿಂದ ಒಂದು ಸಣ್ಣ ಮುಳ್ಳನ್ನು ತೆಗೆದು ತಟ್ಟೆಯ ಅಂಚಿನಲ್ಲಿಟ್ಟಳು.