ನಿಂತೇ ಇದ್ದ ಯಜಮಾನ

ಸ್ಲಾವ, ಅಂದರೆ ಮನೆತನದ ಸಂತನ ಹಬ್ಬದ ದಿನ, ಮನೆಯ ಯಜಮಾನ ಕೂರುವಂತಿಲ್ಲ. ಬಂದ ನೆಂಟರೆಲ್ಲ ಉಂಡು ಎದ್ದು ಹೋಗುವವರೆಗೂ ಅವನು ನಿಂತೇ ಉಪಚಾರ ಮಾಡಬೇಕು. ನನ್ನ ಗಂಡ ರಾತೊಮಿರ್ ಉಳಿದೆಲ್ಲದಕ್ಕೂ ಸೋಮಾರಿ, ಈ ಒಂದಕ್ಕೆ ಮಾತ್ರ ಮಹಾ ಶಿಸ್ತಿನ ಮನುಷ್ಯ. ಬಾಗಿಲ ಮರೆಯಲ್ಲಾದರೂ ಒಂದು ಗಳಿಗೆ ಕೂತುಕೋ ಎಂದು ನಾನು ಮದುವೆಯಾದಾಗಿನಿಂದ ಬಡಿದುಕೊಂಡಿದ್ದೇನೆ. ಕೇಳಿದವನಲ್ಲ.

ಈ ಸಲ ಕೊನೆಯ ನೆಂಟರನ್ನು ಗೇಟಿನವರೆಗೆ ಕಳಿಸಿ ಬಂದವನು ಅಡುಗೆಮನೆಯಲ್ಲಿ ಕುಸಿದುಬಿಟ್ಟ. ಹೃದಯಾಘಾತ. ಪಟ್ಟಣದ ಆಸ್ಪತ್ರೆಯಲ್ಲಿ ಮುಚ್ಚಿಹೋಗಿದ್ದ ರಕ್ತನಾಳವನ್ನು ಬಿಡಿಸಿ ಸ್ಟೆಂಟ್ ಹಾಕಿದರು. ಜೀವ ಉಳಿಯಿತು, ಗಂಡಾಂತರ ಕಳೆಯಿತು ಎಂದುಕೊಂಡೆ.

ಮರುದಿನ ಡಾಕ್ಟರ್ ಸೆಂಕಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ನನ್ನ ಮಗಳ ವಯಸ್ಸಿನವಳು, ನಿದ್ದೆಗೆಟ್ಟ ಕಣ್ಣು.

"ದೊಡ್ಡ ಕಾಲುವೆ ಬಿಡಿಸಿದೀವಿ ಅಮ್ಮ. ಆದ್ರೆ ಗಿಡದ ಬುಡಕ್ಕೆ ನೀರು ಹೋಗೋದು ಸಣ್ಣ ಸಣ್ಣ ಕಾಲುವೇಲಿ. ಅವು ಹಾಳಾಗಿದ್ರೆ ದೊಡ್ಡದನ್ನ ಬಿಡಿಸಿದ್ರೂ ಗಿಡ ಒಣಗುತ್ತೆ."

ಆ ಸಣ್ಣ ನಾಳಗಳು ಸ್ಟೆಂಟ್ ಹಾಕುವಾಗ ಕಣ್ಣಿಗೆ ಬೀಳುವುದಿಲ್ಲವಂತೆ. ವಯಸ್ಸು, ರಕ್ತಪರೀಕ್ಷೆ, ಇಸಿಜಿಯ ಗೆರೆಗಳು, ಎಲ್ಲಕ್ಕಿಂತ ಹೆಚ್ಚಾಗಿ ನೋವು ಶುರುವಾಗಿ ಎಷ್ಟು ಹೊತ್ತಿಗೆ ಆಸ್ಪತ್ರೆಗೆ ಬಂದರು ಎಂಬುದು, ಇವನ್ನೆಲ್ಲ ಸೇರಿಸಿ ಅಂದಾಜು ಕಟ್ಟುತ್ತಾರೆ. ಅಂದಾಜು ಕೆಟ್ಟದಾಗಿದ್ದವರನ್ನು ದೊಡ್ಡ ಸ್ಕ್ಯಾನಿಗೆ ಕಳಿಸಿ, ಮನೆಗೆ ಬಿಡದೆ ಕಣ್ಣಿಟ್ಟು ಕಾಯುತ್ತಾರೆ. ರಾತೊಮಿರನ ಅಂದಾಜು ಚೆನ್ನಾಗಿಯೇ ಇತ್ತು. ನೆಂಟರು ಹೋದ ಮೇಲೆ ನೋವು ಬಂತು ಎಂದು ಅವನೇ ಹೇಳಿದ್ದನಲ್ಲ. ಶನಿವಾರ ಮನೆಗೆ ಕಳಿಸುತ್ತೇನೆ ಎಂದಳು. ಅವನಾಗಲೇ ಮಲಗಿದಲ್ಲಿಂದಲೇ ಫೋನು ಮಾಡಿ, ಭಾನುವಾರ ಹಂದಿ ಕೊಯ್ಯಲು ಜನ ಗೊತ್ತುಮಾಡಿದ್ದ.

ಸಂಜೆ ವಿದೋಯೆ ಬಂದ. ನಮ್ಮ ಮದುವೆಗೆ ಸಾಕ್ಷಿ ನಿಂತವನು, ಮಗಳಿಗೆ ಹೆಸರಿಟ್ಟವನು, ಅಣ್ಣತಮ್ಮಂದಿರಿಗಿಂತ ಹೆಚ್ಚು. ಹಜಾರದಲ್ಲಿ ನಿಂತು, ನನ್ನನ್ನು ನಗಿಸಲೆಂದೇ ಇರಬೇಕು, ಶುರುಮಾಡಿದ.

"ಸೂಪು ಕೊಡೋವಾಗ್ಲೇ ಅವನ ಮುಖದ ಮೇಲೆ ಬೆವರು ಸುರೀತಿತ್ತು ಮಾರಾಯ್ತಿ. ಎಡಗೈ ಜೋತಾಡ್ತಿತ್ತು. ಬೆಳಿಗ್ಗೆಯಿಂದ್ಲೇ ರಾಕಿಯಾ ಏರಿಸಿದಾನೆ ಅಂತ ನಾವೆಲ್ಲ ರೇಗಿಸಿದ್ವಿ."

ನನಗೆ ನಗು ಬರಲಿಲ್ಲ, ಎಷ್ಟು ಹೊತ್ತಾಗಿರಬೇಕೆಂದು ಲೆಕ್ಕ ಹಾಕಿದೆ. ಸೂಪು ಆದ ಮೇಲೆ ಎಲೆಕೋಸಿನಲ್ಲಿ ಮಾಂಸ ಸುತ್ತಿದ ಸರ್ಮ, ಆಮೇಲೆ ಸುಟ್ಟ ಮಾಂಸ, ಕೇಕು, ಕಾಫಿ. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಪಂಕ್ತಿ ನೆಂಟರು ಬಂದು, ಮತ್ತೆ ಸೂಪಿನಿಂದ ಶುರುವಾಗಿತ್ತು.

ನೇರ ಅವನ ಮಂಚದ ಹತ್ತಿರ ಹೋಗಿ ಕೇಳಿದೆ. ಸ್ವಲ್ಪ ಇತ್ತು, ಸುಮ್ಮನಿರು ಎಂದ.

"ಸ್ಲಾವದ ದಿನ ಯಜಮಾನ ಎದೆ ಹಿಡ್ಕೊಂಡು ಕೂತ್ನಂತೆ ಅಂತ ಊರವ್ರು ಆಡ್ಕೊಳ್ಳೋಕಾ? ನಮ್ಮಪ್ಪ ಮುರಿದ ಕಾಲಲ್ಲಿ ನಿಂತಿದ್ದ."

"ನಿಮ್ಮಪ್ಪಂಗೆ ಮುರಿದಿದ್ದು ಕಾಲು, ಎದೆಯಲ್ಲ."

ಡಾಕ್ಟರಿಗೆ ಹೇಳಿದರೆ ಇಲ್ಲೇ ಕಟ್ಟಿಹಾಕುತ್ತಾರೆ, ಹೇಳಿದರೆ ನನ್ನಾಣೆ ಎಂದ. ನಾನು ಹೊರಗೆ ಬಂದು ಗೋಡೆಗೆ ಒರಗಿದೆ. ಹೇಳಿದರೆ ಗಂಡನ ಮಾನ ಕಳೆದವಳಾಗುತ್ತೇನೆ. ಹೇಳದಿದ್ದರೆ ಭಾನುವಾರ ಇವನು ಹಂದಿಯ ಕಾಲು ಹಿಡಿದು ಎಳೆಯುತ್ತಾನೆ, ಒಳಗೆ ಒಣಗುತ್ತಿರುವುದು ಯಾರಿಗೂ ಗೊತ್ತಾಗುವುದಿಲ್ಲ. ಆಣೆಯ ಪಾಪ ನನಗೇ ಇರಲಿ ಎಂದುಕೊಂಡು ಸೆಂಕಾಳ ಬಾಗಿಲು ತಟ್ಟಿದೆ.

ಅವಳು ಬಂದು ಮಂಚದ ಅಂಚಿಗೆ ಕೂತಳು. ಬೈಯಲಿಲ್ಲ. ನಿಜವಾಗಿ ಯಾವಾಗ ಶುರುವಾಯಿತು, ನನಗೆ ಅದೊಂದು ಬೇಕು ಎಂದಳು. ಅವನು ನನ್ನನ್ನು ನುಂಗುವ ಹಾಗೆ ನೋಡಿದ. ನಾನೂ ಕಣ್ಣು ಕೀಳಲಿಲ್ಲ. ಸೂಪು ಕೊಡುವಾಗ ಎನ್ನುತ್ತಾನೆಂದು ಕಾದೆ.

"ರೊಟ್ಟಿ ತಿರುಗಿಸೋವಾಗ," ಎಂದ.

ಅದು ಸೂಪಿಗಿಂತ ಎಷ್ಟೋ ಮುಂಚೆ, ಬೆಳಿಗ್ಗೆ. ಪಾದ್ರಿ ಮನೆಗೆ ಬಂದು ಹಾಡುತ್ತಿರುವಾಗ ಮನೆಯವರೆಲ್ಲ ಹಬ್ಬದ ರೊಟ್ಟಿಗೆ ಕೈಕೊಟ್ಟು ಮೆಲ್ಲಗೆ ತಿರುಗಿಸುತ್ತೇವೆ. ನಾನು ಅವನ ಪಕ್ಕದಲ್ಲೇ ಇದ್ದೆ. ಅವನ ಬೆರಳು ನನ್ನ ಬೆರಳಿನ ಮೇಲಿತ್ತು, ನಡುಗುತ್ತಿತ್ತು. ಅಂತೂ ಈ ವಯಸ್ಸಿಗಾದರೂ ಇವನಿಗೆ ಭಕ್ತಿ ಬಂತಲ್ಲ ಎಂದು ನಾನು ಖುಷಿಪಟ್ಟಿದ್ದೆ.

ಸೆಂಕಾ ಅಂದಾಜನ್ನು ಹೊಸದಾಗಿ ಕಟ್ಟಿದಳು. ಅವತ್ತೇ ಸ್ಕ್ಯಾನಿಗೆ ಕಳಿಸಿದಳು. ಚಿತ್ರದಲ್ಲಿ ಹೃದಯದ ಗೋಡೆಯ ಒಂದು ಕಡೆ ಕಪ್ಪಗೆ ಕಾಣುತ್ತಿತ್ತು. ಅಲ್ಲಿಗೆ ರಕ್ತ ಹೋಗುತ್ತಿಲ್ಲ ಎಂದಳು. ಶನಿವಾರವೇ ಮನೆಗೆ ಕಳಿಸಿದ್ದರೆ, ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು. ಇನ್ನು ಮೇಲೆ ಔಷಧಿ, ಕಾವಲು. ಹೃದಯ ಎಷ್ಟು ಸುಧಾರಿಸುತ್ತದೋ ಕಾದು ನೋಡಬೇಕು.

ಅವನನ್ನು ವಾರ್ಡಿಗೆ ತಂದು ಮಲಗಿಸಿದ ಮೇಲೆ, ಆಣೆ ಮುರಿದದ್ದಕ್ಕೆ ಬೈಯಲಿ ಎಂದು ಕಾಯುತ್ತ ಕೂತೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಗೋಡೆಯ ಕಡೆಗೆ ಹೊರಳಿ ಕೇಳಿದ.

"ದೇಸಾ, ಮುಂದಿನ ಸ್ಲಾವಕ್ಕೆ ನಂಗೊಂದು ಕುರ್ಚಿ ಹಾಕ್ತೀಯಾ?"

ಇಷ್ಟು ವರ್ಷ ನಾನೇ ಬೇಡಿಕೊಂಡದ್ದು ಅದು. ಬೇಡ ಕಣೋ, ನೀನು ನಿಂತೇ ಇರು ಎಂದು ಕಿರುಚಬೇಕೆನ್ನಿಸಿತು. ಹಾಕ್ತೀನಿ ಎಂದೆ.