ಎಣ್ಣೆ ಬೆರೆಸದ ಡಬ್ಬ

ಲುಬೋರನಿಗೆ ಮನುಷ್ಯರಿಗಿಂತ ಟರ್ಬೈನುಗಳ ಮೇಲೆ ನಂಬಿಕೆ ಜಾಸ್ತಿ. ಚೊಂಬಿನಷ್ಟು ದಪ್ಪದ ಇಂಜಿನ್ನು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು ತಿರುಗುವಾಗ ಅದಕ್ಕೆ ಸುಳ್ಳು ಹೇಳಲು ಪುರುಸೊತ್ತೆಲ್ಲಿ ಎಂದು ಅವನ ವಾದ. ಕಿಯೊವ್ ಊರಿನಾಚೆ ಅವನ ಮನೆ, ಮನೆಯ ಹಿಂದೆ ಶೆಡ್ಡು. ಮೊರಾವಿಯಾ ಸೀಮೆಯಲ್ಲಿ ಮಾದರಿ ಜೆಟ್ ವಿಮಾನ ಹಾರಿಸುವ ಹುಚ್ಚು ಹಿಡಿದವರೆಲ್ಲ ಇಪ್ಪತ್ತೈದು ತಾಸಿನ ಹಾರಾಟ ಮುಗಿದೊಡನೆ ಇಂಜಿನ್ನನ್ನು ಅಲ್ಲಿಗೇ ತರುತ್ತಿದ್ದರು. ಅವನು ಬಿಚ್ಚಿ, ಎರಡು ಬೇರಿಂಗ್ ಬದಲಿಸಿ, ಬೆಂಚಿಗೆ ಬಿಗಿದು ಓಡಿಸಿ, ಚೀಟಿಯ ಮೇಲೆ ಸಹಿ ಹಾಕಿ ಕೊಡುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಆ ಸಹಿಯನ್ನು ಯಾರೂ ಪ್ರಶ್ನಿಸಿರಲಿಲ್ಲ. ಅದರ ಜಂಬವೂ ಅವನಿಗೆ ತಕ್ಕಮಟ್ಟಿಗೆ ಇತ್ತು.

ಈ ಇಂಜಿನ್ನುಗಳಲ್ಲಿ ಬೇರಿಂಗಿಗೆ ಬೇರೆ ಎಣ್ಣೆ ಇರುವುದಿಲ್ಲ. ಉರಿಯುವ ಸೀಮೆಎಣ್ಣೆಗೇ ಇಪ್ಪತ್ತಕ್ಕೆ ಒಂದು ಪಾಲು ಎಣ್ಣೆ ಬೆರೆಸಬೇಕು. ಬೆರೆಸಿದವನು ಡಬ್ಬದ ಕುತ್ತಿಗೆಗೆ ಕೆಂಪು ಬಟ್ಟೆ ಕಟ್ಟಬೇಕು. ಬಟ್ಟೆ ಇಲ್ಲದ ಡಬ್ಬವನ್ನು ಯಾರೂ ಮುಟ್ಟುವ ಹಾಗಿಲ್ಲ. ವಿಮಾನ ಹಾರಿಸುವ ಕ್ಲಬ್ಬಿನವರೆಲ್ಲ ಒಪ್ಪಿಕೊಂಡ ಕಟ್ಟುಪಾಡು ಇದು, ಮಾಡಿಟ್ಟವನು ಲುಬೋರನೇ.

ಆ ಶುಕ್ರವಾರ ಬೆಳಿಗ್ಗೆ ಬಟ್ಟೆ ಮೊದಲು ಕೈಗೆ ಸಿಕ್ಕಿತು ಅಂತ ಅವನು ಬಟ್ಟೆಯನ್ನೇ ಮೊದಲು ಕಟ್ಟಿದ. ಎಣ್ಣೆಯ ಬಾಟಲಿಗೆ ಕೈ ಹಾಕುವಷ್ಟರಲ್ಲಿ ಫೋನು ಬಂತು. ಮಾತು ಮುಗಿಸಿ ಬಂದು ನೋಡಿದರೆ ಬಟ್ಟೆ ಕಟ್ಟಿದೆ. ಸರಿ, ಒತಾಕಾರ್ ಮುದುಕನ ಇಂಜಿನ್ನನ್ನು ಬೆಂಚಿಗೇರಿಸಿ ಎಂಟು ನಿಮಿಷ ಪೂರ್ತಿ ವೇಗದಲ್ಲಿ ಓಡಿಸಿದ. ಚೆನ್ನಾಗಿಯೇ ಓಡಿತು. ಸಹಿ ಹಾಕಿದ. ಮಧ್ಯಾಹ್ನ ಒತಾಕಾರ್ ಬಂದು, "ನೀನು ನೋಡಿದ್ಮೇಲೆ ನಾನೇನು ನೋಡೋದು ಬಿಡು," ಎಂದು ಇಂಜಿನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ.

ಸಂಜೆ ಬೆಂಚು ಒರೆಸುವಾಗ ಬಾಟಲಿ ಕಣ್ಣಿಗೆ ಬಿತ್ತು. ಅದರ ಸೀಲು ಒಡೆದಿರಲಿಲ್ಲ.

ಒತಾಕಾರನಿಗೆ ಹೇಳಲು ಫೋನು ಎತ್ತಿಕೊಂಡ, ಮತ್ತೆ ಇಟ್ಟ. ಎಂಟೇ ನಿಮಿಷ ತಾನೇ, ಹೊಸ ಬೇರಿಂಗಿನಲ್ಲಿ ಒಂದಿಷ್ಟು ಜಿಡ್ಡು ಇದ್ದೇ ಇರುತ್ತೆ, ಏನೂ ಆಗಲಿಕ್ಕಿಲ್ಲ ಎಂದು ಲೆಕ್ಕ ಹಾಕಿದ. ಹೇಡಿತನಕ್ಕೆ ಲೆಕ್ಕದ ಅಂಗಿ ತೊಡಿಸಿದರೆ ಎಷ್ಟು ಮರ್ಯಾದಸ್ಥನ ಹಾಗೆ ಕಾಣುತ್ತದೆ!

ಭಾನುವಾರ ಮೈದಾನದಲ್ಲಿ ಒತಾಕಾರನ ಬೆಳ್ಳಿಬಣ್ಣದ ವಿಮಾನ ಮೇಲೇರಿತು. ನಾಲ್ಕು ಚಳಿಗಾಲ ಕೂತು ಕಟ್ಟಿದ ವಿಮಾನ ಅದು. ಮೂರನೇ ನಿಮಿಷಕ್ಕೆ ಇಂಜಿನ್ನು ಕೀರಲು ದನಿ ತೆಗೆದು ನಿಂತೇಹೋಯಿತು. ಒತಾಕಾರ್ ಗಾಬರಿಯಾಗದೆ ವಿಮಾನವನ್ನು ತೇಲಿಸಿಕೊಂಡು ಬಂದು ಪಕ್ಕದ ಹುಲ್ಲಿನ ಹೊಲದಲ್ಲಿ ಇಳಿಸಿದ. ಯಾರಿಗೂ ಪೆಟ್ಟಾಗಲಿಲ್ಲ. ಒಂದು ಚಕ್ರ ಮುರಿದು, ಟ್ಯಾಂಕು ಒಡೆದು ಉಳಿದ ಸೀಮೆಎಣ್ಣೆಯೆಲ್ಲ ಮಣ್ಣಿಗೆ ಹೋಯಿತು.

ಎಲ್ಲರೂ ಸುತ್ತ ನಿಂತಿರುವಾಗ ಲುಬೋರ್ ಇಂಜಿನ್ನು ಬಿಚ್ಚಿದ. ಬೇರಿಂಗು ಸುಟ್ಟು ನೀಲಿಗಟ್ಟಿತ್ತು. "ಎಣ್ಣೆ ಇಲ್ದೆ ಓಡಿದೆ," ಎಂದ. ಕಸುಬಿನ ಚಟಕ್ಕೆ ಬಾಯಿಂದ ಬಂದುಬಿಟ್ಟ ಮಾತು. ಅರ್ಧ ಸತ್ಯ.

ಒತಾಕಾರ್ ತನ್ನ ಖಾಲಿ ಡಬ್ಬವನ್ನು ನೋಡಿದ. ಅದಕ್ಕೂ ಬಟ್ಟೆ ಕಟ್ಟಿತ್ತು. "ಹಂಗಾದ್ರೆ ನಾನೇ. ಬೆಳಿಗ್ಗೆ ಬೆರೆಸಿದ್ದು ನಾನೇ ಅಲ್ವಾ," ಎಂದ ಮೆಲ್ಲಗೆ. "ಹಾಕಿದ ಹಾಗೇ ನೆನಪು. ಹಾಕಿಲ್ವೇನೋ."

"ಏನ್ ಯಜಮಾನ್ರೇ, ರೈಲೂ ಹಿಂಗೇ ಓಡಿಸ್ತಿದ್ರಾ?" ಎಂದು ಯಾರೋ ಕಿಚಾಯಿಸಿದರು. ಮೂವತ್ತು ವರ್ಷ ರೈಲು ಓಡಿಸಿದ ಮುದುಕ ನಗಲಿಲ್ಲ. ಹೇಳುವುದಿದ್ದರೆ ಅದೇ ಗಳಿಗೆ. ಲುಬೋರ್ ತಲೆ ತಗ್ಗಿಸಿ ಸ್ಕ್ರೂಡ್ರೈವರ್ ಒರೆಸುತ್ತಾ ನಿಂತ. ಒರೆಸಲು ಅದರಲ್ಲಿ ಏನೂ ಇರಲಿಲ್ಲ.

ಅದಾಗಿ ಒಂಬತ್ತನೇ ದಿನ ಒತಾಕಾರನ ಹೆಂಡತಿ ಬ್ಲಝೇನಾ ಶೆಡ್ಡಿಗೆ ಬಂದಳು. "ಆ ವಿಮಾನ ಯಾರಿಗಾದ್ರೂ ಕೊಡಿಸಿಬಿಡಪ್ಪಾ. ಇವ್ರು ಕಾರೂ ಮುಟ್ತಿಲ್ಲ. ಸ್ಟವ್ ಆರಿಸಿದೀನಾ ಅಂತ ಹತ್ತು ಸಲ ಎದ್ದು ನೋಡ್ತಾರೆ. ಇವ್ರ ಅಪ್ಪಂಗೂ ಮರೆವು ಹಿಂಗೇ ಶುರುವಾಗಿದ್ದು. ಕೊನೆಗೆ ಮಗನ್ನೇ ನೀನ್ಯಾರು ಅಂತ ಕೇಳ್ತಿದ್ರು," ಎಂದಳು. ಅಳಲಿಲ್ಲ. ಅತ್ತಿದ್ದರೆ ಲುಬೋರನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಅವಳ ಜೊತೆಯಲ್ಲೇ ಹೊರಟ. ಅಡುಗೆಮನೆಯ ಮೇಜಿನ ಮುಂದೆ ಒತಾಕಾರ್ ಕೂತಿದ್ದ. ಗಸಗಸೆಯ ಸಿಹಿ ಬನ್ನು ಕೊಲಾಚ್ ತಟ್ಟೆಯಲ್ಲಿ ಹಾಗೇ ಇತ್ತು. ಲುಬೋರ್ ಕೂರಲಿಲ್ಲ. ಬಟ್ಟೆ, ಫೋನು, ಸೀಲು ಒಡೆಯದ ಬಾಟಲಿ, ಒಂದನ್ನೂ ಬಿಡದೆ ಒಪ್ಪಿಸಿದ.

"ಯಾವತ್ತು ಗೊತ್ತಾಯ್ತು ನಿಂಗೆ?" ಮುದುಕ ಕೇಳಿದ.

"ಶುಕ್ರವಾರ ಸಂಜೇನೇ."

"ಅಂದ್ರೆ ನಾನು ಹಾರ್ಸೋಕೆ ಮುಂಚೇನೇ."

"ಹೂಂ."

"ಅಷ್ಟು ಜನ ನಿಂತಿದ್ರು ಕಣೋ, ಆ ಕಡೆ ಬಿದ್ದಿದ್ರೆ?"

ಆ ಪ್ರಶ್ನೆಯನ್ನು ಲುಬೋರ್ ಒಂಬತ್ತು ದಿನದಿಂದ ತನಗೇ ಕೇಳಿಕೊಳ್ಳುತ್ತಿದ್ದ. "ಬೇರಿಂಗು, ಟ್ಯಾಂಕು, ಚಕ್ರ ಎಲ್ಲಾ ನಾನೇ ಮಾಡಿಕೊಡ್ತೀನಿ. ಕ್ಲಬ್ಬಿನಲ್ಲಿ ಎಲ್ಲರ ಮುಂದೆ ಹೇಳ್ತೀನಿ," ಎಂದು ತೊದಲಿದ.

ಒತಾಕಾರ್ ಮೇಜಿನ ಖಾನೆಯಿಂದ ಒಂದು ನೋಟ್‌ಬುಕ್ ತೆಗೆದು ಮುಂದಿಟ್ಟ. ಬ್ರೆತ್ಸ್ಲಾವ್‌ನಿಂದ ಪ್ರೆರೊವ್‌ವರೆಗಿನ ಅವನು ರೈಲು ಓಡಿಸಿದ ದಾರಿಯ ನಿಲ್ದಾಣಗಳ ಹೆಸರು, ಒಂದರ ಕೆಳಗೊಂದು, ದಿನಕ್ಕೊಂದು ಪುಟ. ಒಂಬತ್ತು ಪುಟ. ಕೊನೆಯ ಪುಟಗಳಲ್ಲಿ ಅಕ್ಷರ ನಡುಗಿತ್ತು. ಬ್ಲಝೇನಾ ಕೂಡ ಅದನ್ನು ಆಗಲೇ ಮೊದಲು ನೋಡಿದ್ದು.

"ದಿನಾ ಎದ್ದ ತಕ್ಷಣ ನೆನಪಿಂದ ಬರ್ದು ನೋಡ್ಕೊಂಡೆ. ಒಂದೂ ತಪ್ಪಿಲ್ಲ," ಎಂದ ಮುದುಕ. "ಎರಡನೇ ದಿನಾನೇ ಅನ್ನಿಸ್ತು, ಎಣ್ಣೆ ನಾನು ಹಾಕಿದೀನಿ, ಲುಬೋರನೇ ಏನೋ ಎಡವಟ್ಟು ಮಾಡಿರ್ಬೇಕು ಅಂತ."

ನೋಟ್‌ಬುಕ್ ಮುಚ್ಚಿ ಪಕ್ಕಕ್ಕಿಟ್ಟ.

"ಹಂಗೆ ಅನ್ನಿಸ್ತಲ್ಲ ಅಂತ ನಂಗೆ ಎಷ್ಟು ನಾಚಿಕೆ ಆಯ್ತು ಗೊತ್ತಾ? ನಿನ್ನಂಥೋನ ಮೇಲೇ ಅನುಮಾನ ಪಟ್ನಲ್ಲ, ನಂಗೆ ತಲೆ ಕೆಟ್ಟಿರೋದು ನಿಜಾನೇ ಅಂದ್ಕೊಂಡೆ."