ಪೆನ್ನಿಗೆ ಕಾಣದ ತಪ್ಪು

ಮಾವನ ಬಾಯಿ ಸುಮ್ಮನಿರುವ ಬಾಯಲ್ಲ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಲೋಹಕ್ಕೆ ತೂತು ಕೊರೆಯುವ ಬೋರಿಂಗ್ ಮಷೀನು ನಡೆಸಿದವರು. ಊಟದ ಡಬ್ಬಿ ಬಿಚ್ಚಿದರೆ ಸಾಕು, ಫೋರ್‌ಮನ್ನಿನ ಕೆಮ್ಮಿನಿಂದ ಹಿಡಿದು ಕ್ರೇನಿನ ಕಿರುಗುಟ್ಟುವಿಕೆಯವರೆಗೆ ಎಲ್ಲವನ್ನೂ ಮಾಡಿ ತೋರಿಸುತ್ತಿದ್ದರು.

ಅದೇ ಕಾರ್ಖಾನೆಗೆ ಸೇರಿದ್ದ ಸೊಸೆಗೆ ಅವತ್ತು ನಗು ಬರಲಿಲ್ಲ. ಮಾವನ ಮಷೀನಿಗೆ ಅವಳು ಸ್ವಂತವಾಗಿ ಬರೆದ ಮೊದಲ ಪ್ರೋಗ್ರಾಂ ಊಟವಾದ ಮೇಲೆ ಓಡಬೇಕಿತ್ತು. ಕೊರೆಯಬೇಕಿದ್ದ ಪಂಪಿನ ಎರಕದ ತುಂಡು ಇದ್ದದ್ದು ಒಂದೇ; ಒಡೆದರೆ ಇನ್ನೊಂದಕ್ಕೆ ಮೂರು ತಿಂಗಳು. "ನನ್ನ ಸೊಸೆ ಬರೀತಾಳೆ, ಹೊಣೆ ನಂದು" ಎಂದು ಮಾವ ಫೋರ್‌ಮನ್ನಿಗೆ ಮಾತು ಬೇರೆ ಕೊಟ್ಟಿದ್ದರು.

"ಯಾಕಮ್ಮಾ, ಹರಳೆಣ್ಣೆ ಕುಡಿದವಳ ಹಾಗೆ ಕೂತಿದ್ದೀಯ? ಸ್ಪಿಂಡಲ್‌ಗೆ ಪೆನ್ನು ಕಟ್ಟಿ ನಿನ್ನ ಪ್ರೋಗ್ರಾಂನ ರಟ್ಟಿನ ಮೇಲೆ ಓಡಿಸಿ ನೋಡಿದೆನಲ್ಲ. ಕಮಾನು ಚಂದ್ರನ ತುಂಡಿನ ಹಾಗೆ ಬಂತು."

"ಎಲ್ಲೂ ತಡವರಿಸಲಿಲ್ವಾ ಮಾವ?"

"ಬೇಕಾದ್ರೆ ಕೇಳು." ಮಾವ ಕೆನ್ನೆ ಉಬ್ಬಿಸಿದರು. "ಸುಯ್ಯ್... ಇದು ನೇರ ಹೋಗಿದ್ದು. ಆಮೇಲೆ ಕಮಾನು. ಗುಡುಗುಡುಗುಡು..."

ಸೊಸೆಯ ಕೈತುತ್ತು ಅರ್ಧದಾರಿಯಲ್ಲೇ ನಿಂತಿತು. ಸುಯ್ ಎನ್ನುವುದು ಕೊರೆಯುವ ಉಳಿ ಹಿಡಿದು ಮಷೀನಿನ ತಲೆಯಿಂದ ಹೊರಗೆ ಚಾಚುವ ತೆಳು ಸ್ಪಿಂಡಲ್. ಪ್ರೋಗ್ರಾಮಿನಲ್ಲಿ ಅದರ ಅಕ್ಷರ ಡಬ್ಲ್ಯೂ. ಗುಡುಗುಡು ಎನ್ನುವುದು ಎರಕವನ್ನು ಹೊತ್ತು ಸರಿಯುವ ಮೇಜು, ಅದರ ಅಕ್ಷರ ಝಡ್. ಸ್ಪಿಂಡಲ್ ಮುಂದೆ ಹೋದರೂ ಮೇಜೇ ಎದುರು ಬಂದರೂ ರಟ್ಟಿನ ಮೇಲೆ ಬೀಳುವ ಗೆರೆ ಒಂದೇ. ಆದರೆ ಎರಕದ ಆಳದ ತೂತಿಗೆ ಹಿಡಿಸುವುದು ಸ್ಪಿಂಡಲ್ ಮಾತ್ರ. ಮೇಜು ಬಂದರೆ ಎರಕದ ಬಾಯಿ ಹೋಗಿ ಮಷೀನಿನ ದಪ್ಪ ತಲೆಗೆ ಬಡಿಯುತ್ತದೆ.

"ಗುಡುಗುಡು ಅಂದ್ರಾ? ನಿಜವಾಗ್ಲೂ?"

"ನಾನು ಯಾವತ್ತಾದ್ರೂ ಸುಳ್ಳು ಗುಡುಗಿದ್ದೀನಾ?"

ಅಷ್ಟರಲ್ಲಿ ಒಳಗಿನಿಂದ ಸುಯ್ಯ್ ಕೇಳಿಸಿತು. ಅವಸರದ ಫೋರ್‌ಮನ್ ತಾನೇ ಶುರು ಮಾಡಿಬಿಟ್ಟಿದ್ದ. ಸೊಸೆ ಎಂಜಲು ಕೈಯಲ್ಲೇ ಓಡಿದಳು. ಗುಡುಗುಡು ಎಂದದ್ದೂ ಅವಳು ಕೆಂಪು ಗುಂಡಿ ಅದುಮಿದ್ದೂ ಒಟ್ಟಿಗೇ ಆಯಿತು. ಎರಕಕ್ಕೂ ಮಷೀನಿನ ತಲೆಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗ ಉಳಿದಿತ್ತು.

"ಏನಮ್ಮಾ ಇದು?" ಫೋರ್‌ಮನ್ ಕೆಮ್ಮಿದ.

"ನನ್ನ ತಪ್ಪು ಸಾರ್. ನೇರ ಸಾಲಿಗೆಲ್ಲ ಡಬ್ಲ್ಯೂ ಬರೆದೆ. ಕಮಾನಿನ ಸಾಲು ಮಾತ್ರ ಹಳೇ ಪ್ರೋಗ್ರಾಮಿಂದ ಎತ್ತಿದ್ದು. ಅದ್ರಲ್ಲಿ ಝಡ್ಡೇ ಉಳಿದುಬಿಟ್ಟಿದೆ."

ಅಕ್ಷರ ತಿದ್ದಿದಳು. ಅಷ್ಟೇ ಸಾಲದು, ಈ ಕಮಾನು ಅಡ್ಡ ಸರಿಯುವ ಎಕ್ಸ್‌ಗೂ ಡಬ್ಲ್ಯೂಗೂ ಸೇರಿದ್ದು ಎಂದು ಮೇಲಿನ ಸಾಲಿನಲ್ಲೂ ಬಿಡಿಸಿ ಬರೆದಳು. ಹೇಳದಿದ್ದರೆ ಯಂತ್ರ ಹಳೇ ಚಾಳಿಯಂತೆ ಝಡ್ ಎಂದೇ ತಿಳಿಯುತ್ತದೆ.

ಮತ್ತೆ ಶುರುವಾಯಿತು. ಮಾವ ಕಣ್ಣು ಮುಚ್ಚಿ ನಿಂತರು. ನೇರಕ್ಕೆ ಸುಯ್ಯ್. ಕಮಾನಿಗೂ ಸುಯ್ಯ್.

"ಹೂಂ," ಎಂದು ಕಣ್ಣು ಬಿಟ್ಟರು. "ಹೋಗಮ್ಮಾ, ಊಟ ಮುಗಿಸು."